ಅರ್ಧ ಪಾಲಿನ ಹೊಲಿಗೆ ಮಿಷನ್ನು

ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷಗಳಾಗಿದ್ದಾಗ, ಸಿದ್ದಾಪುರದ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಶಿರಸಿಯ ಬಸ್ಸಿನ ಮೇಲೆ ಒಂದು ಹಳೆಯ ಹೊಲಿಗೆ ಮಿಷನ್ನು ತರಿಸಿದೆ. ಹೊಲಿಯಲು ನನಗೂ ಬಾರದು, ನನ್ನ ಹೆಂಡತಿಗೂ ಬಾರದು. ಮತ್ತೇಕೆ ಎನ್ನುತ್ತೀರಾ? ದಿನವಿಡೀ ಕಾಗದಗಳಿಗೆ ಮುದ್ರೆ ಒತ್ತುವವನಿಗೆ, ತಾನು ಕಚೇರಿಯಲ್ಲಿರುವಾಗ ತನ್ನದೊಂದು ವಸ್ತು ಬೇರೆಲ್ಲೋ ದುಡಿಯುತ್ತಿರಲಿ ಎಂಬ ಆಸೆ ಎಷ್ಟು ಸವಿಯಾದದ್ದೆಂದು, ಸಂಬಳ ನಂಬಿ ಬದುಕಿದ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಪೇಟೆಯ ಅಂಚಿನ ಗಂಗಕ್ಕನಿಗೆ ಹೊಲಿಗೆ ಬರುತ್ತಿತ್ತು, ಮಿಷನ್ನಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಸೂಜಿದಾರವೇ ಅವಳ ಆಧಾರ. ಮಿಷನ್ನು ಅವಳ ಮನೆಯಲ್ಲಿರಲಿ, ಬಂದ ಕೂಲಿಯಲ್ಲಿ ಅರ್ಧರ್ಧ ಎಂದು ಮಾತಾಯಿತು. ನನ್ನ ಪಾಲು ತಿಂಗಳು ತಿಂಗಳು ಮನೆಬಾಗಿಲಿಗೇ ಬರತೊಡಗಿದಾಗ, ಇಂಥ ಸುಲಭ ವಿದ್ಯೆ ಲೋಕಕ್ಕೆ ಏಕೆ ತಿಳಿದಿಲ್ಲವೆಂದು ಒಳಗೊಳಗೇ ಬೀಗಿದೆ.

ಮೇ ತಿಂಗಳಲ್ಲಿ ಜವಳಿ ಅಂಗಡಿಯವರು, ಶಾಲೆ ತೆರೆಯುವುದರೊಳಗೆ ಆಗಬೇಕೆಂದು ಒಂದು ಗಂಟು ಅಂಗಿಬಟ್ಟೆಯನ್ನು ಅವಳಿಗೆ ಒಪ್ಪಿಸಿದರು. ವಾರ ಕಳೆಯುವ ಮೊದಲೇ ಗಂಗಕ್ಕ ಕಚೇರಿಯ ಕಿಟಕಿಗೆ ಬಂದು ನಿಂತಳು.

“ಮಿಷನ್ನು ವಾಪಸ್ ತಕಂಡು ಹೋಗಿ ಹೆಗಡೇರೆ. ಬಟ್ಟೆನೂ ಅಂಗಡಿಗೆ ತಿರುಗಿ ಕೊಡ್ತೆ. ನಂಗೆ ಪೂರೈಸೂದಿಲ್ಲ.”

“ಎಂತಕ್ಕೆ? ಮಿಷನ್ನು ಕೆಟ್ಟಿದ್ಯಾ?”

“ಮಿಷನ್ನು ಚೆನ್ನಾಗೇ ಅದೆ. ಕೆಟ್ಟದ್ದು ನನ್ನ ಬೆರಳು.”

ಆ ಮಾತು ನನ್ನನ್ನು ಬಿಡಲಿಲ್ಲ. ನನಗಾಗಿ ದುಡಿಯುವ ಆ ವಸ್ತು ದುಡಿಯುವುದು ಹೇಗೆಂದು ನಾನು ಒಂದು ದಿನವೂ ನೋಡಿರಲಿಲ್ಲ. ಭಾನುವಾರ ಅವಳ ಮನೆಗೆ ಹೋದೆ. ಹೊಲಿದಿಟ್ಟ ಅಂಗಿಗಳ ರಾಶಿಯೇ ಅಲ್ಲಿತ್ತು. ಯಾವುದಕ್ಕೂ ಕಾಜಾ ಇಲ್ಲ. ಮಿಷನ್ನು ಗಿರಗಿರನೆ ತೋಳು, ಅಂಚು ಹೊಲಿದು ಮುಗಿಸುತ್ತದೆ. ಆದರೆ ಗುಂಡಿ ತೂರುವ ಪ್ರತಿ ಕಂಡಿಯನ್ನೂ ಕತ್ತರಿಸಿ, ಸುತ್ತಲೂ ಒತ್ತೊತ್ತಾಗಿ ನೂಲು ಕಟ್ಟುವುದು ಬರಿಗೈಯ ಕೆಲಸ. ಅಂಗಿಗೆ ಆರು ಕಾಜಾ. ಅವಳ ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಬಾತಿತ್ತು.

“ಇದರ ಕೂಲಿಲೂ ನಂಗೆ ಅರ್ಧ ಕೊಡ್ತಿದ್ಯಾ?” ಎಂದೆ.

“ಮಾತು ಹಾಗೇ ಆಗಿತ್ತಲ್ಲ,” ಎಂದಳು ಗಂಗಕ್ಕ, ತಲೆಯೆತ್ತದೆ.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ಅಷ್ಟು ಸಣ್ಣ ಕಂಡಿ ಅಷ್ಟು ಅಚ್ಚುಕಟ್ಟಾಗುವುದು ಹೇಗೆಂಬ ಕುತೂಹಲ ಹುಟ್ಟಿತು. “ನಂಗೂ ಕಲಿಸು,” ಎಂದು ಚಾಪೆಯ ಮೇಲೆ ಕುಳಿತೆ. ಅವಳು ನಗು ತಡೆದುಕೊಂಡು ಒಂದು ಚಿಂದಿ ಕೊಟ್ಟಳು. ನನ್ನ ಮೊದಲ ಕಾಜಾ ಇಲಿ ಕಡಿದಂತಿತ್ತು. ಸಂಜೆಯ ಹೊತ್ತಿಗೆ ಒಂದನ್ನು ಅವಳು ಬೆಳಕಿಗೆ ಹಿಡಿದು ನೋಡಿ, “ಇದು ಅಡ್ಡಿಲ್ಲ,” ಎಂದಳು. ಇಲಾಖೆಯ ಪರೀಕ್ಷೆ ಪಾಸಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಆ ದಿನದಿಂದ ಅರ್ಧ ಪಾಲಿನ ಮಾತು ರದ್ದಾಯಿತು. ಪ್ರತಿ ಭಾನುವಾರ ಹೋಗಿ ಕುಳಿತು ನಾನು ಮಾಡಿದ ಕಾಜಾಕ್ಕಷ್ಟೇ ನನಗೆ ಕೂಲಿ. “ಕಚೇರಿಲಿ ಕೂತದ್ದು ಸಾಲ್ತಿಲ್ಯಾ?” ಎಂದು ಹಂಗಿಸಿದ ಹೆಂಡತಿ ಮುಂದಿನ ವಾರ ಗುಂಡಿ ಹಚ್ಚಲು ತಾನೇ ಜೊತೆಗೆ ಬಂದಳು. ಶಾಲೆ ತೆರೆಯುವ ಎರಡು ದಿನ ಮೊದಲೇ ಅಂಗಿಗಳೆಲ್ಲ ಅಂಗಡಿ ಸೇರಿದವು.

ಅಂಗಡಿಯವರು ಒಂದು ಅಂಗಿಯನ್ನು ತಿರುಗಿಸಿ ನೋಡಿ, ಇಷ್ಟು ಬೇಗ ಕಾಜಾ ಮಾಡಿದವರು ಯಾರೆಂದು ಕೇಳಿದರಂತೆ. ಗಂಗಕ್ಕ ಹೇಳಿದಳಂತೆ: “ನಮ್ಮಲ್ಲಿ ಒಬ್ರು ಕೆಲ್ಸಕ್ಕೆ ಬರ್ತ್ರು. ಭಾನುವಾರ ಮಾತ್ರ.”