ಮದುವೆ ಇಲ್ಲದ ಮನೆಯ ಢಾವಲೋ

ಮುಂಡಗೋಡದ ಕಾಲೇಜಿನಲ್ಲಿ ಮೇಘಾ ವಿಶ್ವ ಸಾಹಿತ್ಯವನ್ನು ಆರಿಸಿಕೊಂಡದ್ದು ಬಸ್ಸಿನ ಕಾರಣಕ್ಕೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ, ಅವಳೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಬಿ.ಎ.ಗೆ ಅರ್ಥಶಾಸ್ತ್ರ ಮುಖ್ಯ ವಿಷಯ. ಅದರ ಜೊತೆ ಮೈನರ್ ಎಂದು ಇನ್ನೊಂದು ವಿಷಯವನ್ನೂ ಓದಬೇಕಿತ್ತು. ಉಳಿದ ಮೈನರುಗಳ ತರಗತಿಗಳೆಲ್ಲ ಮಧ್ಯಾಹ್ನದ ಮೇಲೆ. ಅವನ್ನು ಮುಗಿಸಿ ಹೊರಟರೆ ತಾಂಡಾದ ಕಡೆ ಹೋಗುವ ಬಸ್ಸು ತಪ್ಪುತ್ತಿತ್ತು. 'ವಿಶ್ವ ಸಾಹಿತ್ಯ ಮತ್ತು ಸಂಸ್ಕೃತಿ' ಮಾತ್ರ ಬೆಳಿಗ್ಗೆ ಇತ್ತು. ಹೀಗೆ ಲಂಬಾಣಿ ತಾಂಡಾದ ಹುಡುಗಿಯೊಬ್ಬಳು ಸರ್ಕಾರಿ ಬಸ್ಸಿನ ಕೃಪೆಯಿಂದ ಜಗತ್ತಿನ ಸಾಹಿತ್ಯದ ಬಾಗಿಲಿಗೆ ಬಂದು ನಿಂತಳು. ಇದಕ್ಕಿಂತ ಘನವಾದ ಕಾರಣ ಇಟ್ಟುಕೊಂಡು ಬಂದವರು ಬಾಗಿಲಲ್ಲೇ ತೂಕಡಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಇವಳು ಒಳಗೆ ಹೊಕ್ಕವಳು ಹೊರಗೆ ಬರಲೇ ಇಲ್ಲ.

ಅಪ್ಪ ಅವ್ವ ಇಬ್ಬರೂ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಮೇಘಾಳನ್ನು ಸಾಕಿದವರು ಅಪ್ಪನ ತಂದೆತಾಯಿ. ದಾದಾ ಗೇಮಪ್ಪ ತಾಂಡಾದ ನಾಯಕ, ಅಂದರೆ ಜಗಳ ಬಿಡಿಸಲಿಕ್ಕೂ ಮದುವೆ ಕೂಡಿಸಲಿಕ್ಕೂ ಅವನ ಮಾತೇ ಕೊನೆ. ಮುಂಡಗೋಡದ ಟಿಬೆಟನ್ ಕಾಲೊನಿಯ ಹೊಲಗಳಲ್ಲಿ ಹರೆಯವೆಲ್ಲ ದುಡಿದು ಅವರ ಮಾತನ್ನೂ ಕಲಿತಿದ್ದ ಅವನಿಂದ ಮೊಮ್ಮಗಳಿಗೂ ಅಷ್ಟಿಷ್ಟು ಬಂದಿತ್ತು. ದಾದಿ ಸೋಮಿಬಾಯಿಗೆ ಓದು ಬರೆಹ ಇಲ್ಲ, ಕತೆಯ ಹುಚ್ಚು ಮಾತ್ರ ಬೇಕಾದಷ್ಟಿತ್ತು. ಸಂಜೆ ಗೋವಿನಜೋಳದ ತೆನೆ ಬಿಡಿಸುತ್ತ ಕೂತಾಗ ಮೇಘಾ ಅಂದು ಕಾಲೇಜಿನಲ್ಲಿ ಕೇಳಿದ ಕತೆಯನ್ನು ಲಂಬಾಣಿಗೆ ತಿರುಗಿಸಿ ಹೇಳುವಳು. ಹಿಮ ಬೀಳುವ ದೇಶದ್ದಾಗಲಿ, ಮರಳುಗಾಡಿನದಾಗಲಿ, ಕತೆಯಲ್ಲಿ ಹೆಣ್ಣಿಗೆ ಕಷ್ಟ ಬಂತೆಂದರೆ ಸೋಮಿಬಾಯಿ ಕೈ ನಿಲ್ಲಿಸಿ ಕೇಳುವುದು ಒಂದೇ ಪ್ರಶ್ನೆ. "ಅಕಿಗೆ ತವರುಮನಿ ಇರಲಿಲ್ಲೇನ? ಯಾರೂ ಕರಿಯಾಕ ಬರಲಿಲ್ಲೇನ?"

ಮರುದಿನ ಮೇಘಾ ಆ ಪ್ರಶ್ನೆಯನ್ನೇ ಪೂರ್ಣಿಮಾ ಮೇಡಂ ಮುಂದೆ ಇಡುವಳು. ಮೈನರ್ ಕಲಿಸುತ್ತಿದ್ದ ಆ ಮೇಡಂ ಹಳಿಯಾಳದಿಂದ ಬರುವವರು, ಗಂಟಲು ಸಣ್ಣದು, ಉತ್ಸಾಹ ದೊಡ್ಡದು. ಪ್ರಶ್ನೆ ಕೇಳಿದವರನ್ನು ಕಂಡರೆ ಅವರಿಗೆ ಹಬ್ಬ.

ಕೊನೆಯ ವರ್ಷದಲ್ಲಿ ಒಂದು ದಿನ ಮೇಡಂ, ಮದುವಣಗಿತ್ತಿಯರ ಅಳುವ ಹಾಡುಗಳ ಬಗ್ಗೆ ಪಾಠ ಮಾಡಿದರು. ಚೀನಾದ ದಕ್ಷಿಣದ ಹಳ್ಳಿಗಳಲ್ಲಿ ಮದುಮಗಳು ಅಳುತ್ತ ಹಾಡಿ ಮದುವೆಯ ದಲ್ಲಾಳಿಗೆ ಬಾಯಿತುಂಬ ಬೈಯುತ್ತಿದ್ದಳಂತೆ. ರಷ್ಯಾದ ಉತ್ತರದ ಕಾಡೂರುಗಳಲ್ಲೂ ಅಂಥ ಹಾಡುಗಳಿದ್ದವಂತೆ. ವರ್ಷವಿಡೀ ಬಾಯಿ ಮುಚ್ಚಿಕೊಂಡಿರಬೇಕಾದ ಹುಡುಗಿಗೆ ಅದೊಂದು ದಿನ ಏನು ಹೇಳಿದರೂ ನಡೆಯುತ್ತಿತ್ತು ಎಂದು ಮೇಡಂ ಹೇಳಿದಾಗ ಮೇಘಾ ಎದ್ದು ನಿಂತಳು.

"ನಮ್ಮಲ್ಲೂ ಐತ್ರಿ, ಮೇಡಂ. ಢಾವಲೋ ಅಂತೀವಿ."

ಇಷ್ಟು ದಿನ ಅದನ್ನು ಹೊರಗಿನವರ ಮುಂದೆ ಹೇಳಲು ಅವಳಿಗೆ ಮುಜುಗರವಾಗುತ್ತಿತ್ತು. ಮದುವೆಯಲ್ಲಿ ತಾಂಡಾದ ಹೆಂಗಸರು ಕೊರಳು ತಬ್ಬಿಕೊಂಡು ಅಳುವುದನ್ನು ಪೇಟೆಯ ಹುಡುಗಿಯರು ಫೋನಿನಲ್ಲಿ ಹಿಡಿದು ನಗುವುದನ್ನು ಅವಳು ಕಂಡಿದ್ದಳು. ಈಗ ಅವಳಿಗೆ ತನ್ನ ತಾಂಡಾಕ್ಕೆ ದೂರದ ದೇಶಗಳಲ್ಲೆಲ್ಲ ಬಳಗ ಇದೆಯೆಂದು ಗೊತ್ತಾಗಿ ಹೆಮ್ಮೆಯಾಯಿತು. ಮುಂದಿನ ವಾರ ಢಾವಲೋ ಕುರಿತು ತರಗತಿಯಲ್ಲಿ ಮಾತಾಡು, ಎರಡು ಸಾಲು ಹಾಡಿಯೂ ತೋರಿಸು ಎಂದರು ಮೇಡಂ.

ಮನೆಗೆ ಬಂದು ಕೇಳಿದರೆ ಸೋಮಿಬಾಯಿ ಕಿವಿ ಮುಚ್ಚಿಕೊಂಡಳು.

"ಮದುವಿ ಇಲ್ಲದ ಮನ್ಯಾಗ ಢಾವಲೋ ಹಾಡಬಾರದು, ಹುಡುಗಿ. ಅದು ಹೊಂಟು ನಿಂತಾಕಿ ಹಾಡು. ಸುಮ್ಮಸುಮ್ಮನ ಹಾಡಿದರ ಮನಿಯಿಂದ ಯಾರರ ಹೋಗೇ ಹೋಗ್ತಾರ."

ಆ ತಾಂಡಾದ ಪದ್ಧತಿ ಹಾಗೆ. ಹೊರಡುವ ದಿನ ಮದುಮಗಳು ಒಬ್ಬೊಬ್ಬ ಹಿರಿಯರ ಕೊರಳು ತಬ್ಬಿ ಹಾಡುತ್ತಾಳೆ. ಮೆಚ್ಚಿಕೆ, ದೂರು, ಸಿಟ್ಟು, ಏನು ಬೇಕಾದರೂ ಹಾಡಬಹುದು. ಅವಳನ್ನು ನಡುವೆ ತಡೆಯುವಂತಿಲ್ಲ. ಹಾಡು ಮುಗಿದ ಮೇಲೆ ಆ ಹಿರಿಯರು ಹಾಡಿಯೇ ಉತ್ತರ ಕೊಡಬೇಕು. ಬೈಸಿಕೊಂಡರೂ ಅಷ್ಟೇ.

ದಾದಿ ಒಲ್ಲೆ ಎಂದರೆ ಬಿಡುವ ಹುಡುಗಿಯೇ? ತಾಂಡಾದ ಅಕ್ಕಂದಿರ ಮದುವೆಗಳಲ್ಲಿ ಕೇಳಿದ ಸಾಲುಗಳನ್ನು ನೆನಪಿಸಿಕೊಂಡು, ಮರುದಿನ ಕೆರೆಗೆ ಬಟ್ಟೆ ಒಗೆಯಲು ಹೋದಾಗ, ಸುತ್ತ ಯಾರೂ ಇಲ್ಲವೆಂದುಕೊಂಡು ದನಿ ಎತ್ತಿ ಹಾಡಿ ನೋಡಿದಳು. ಯಾರೂ ಇಲ್ಲ ಎಂದುಕೊಂಡದ್ದೇ ತಪ್ಪಾಯಿತು. ಕೆರೆಯ ಏರಿಯ ಆಚೆ ಮೇಕೆ ಮೇಯಿಸುತ್ತಿದ್ದ ನೆರೆಮನೆಯ ಮುದುಕಿ ಕೇಳಿಸಿಕೊಂಡಳು. ಮೇಘಾ ಬಟ್ಟೆ ಹಿಂಡಿ ಮನೆ ಸೇರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಸೇರಿತ್ತು: ನಾಯಕನ ಮೊಮ್ಮಗಳು ತಾನಾಗಿಯೇ ಢಾವಲೋ ಹಾಡುತ್ತಿದ್ದಾಳೆ, ಅವಳಿಗೆ ಮದುವೆಯ ಮನಸ್ಸಾಗಿದೆ, ಬಾಯಿಬಿಟ್ಟು ಹೇಳಲಾರದೆ ಹಾಡುತ್ತಿದ್ದಾಳೆ.

ಗೇಮಪ್ಪ ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಅವನು ಹಿಗ್ಗಿ ಹೀರೇಕಾಯಿ ಆದ.

"ಏನರ ಅನ್ನು, ನಮ್ಮ ಹುಡುಗಿ ಮರ್ಯಾದಸ್ಥಳು. ಡಿಗ್ರಿ ಓದಿದರೂ ಹಿರ್ಯಾರಿಗೆ ಹೆಂಗ ತಿಳಸಬೇಕು ಅನ್ನೋದು ಗೊತ್ತೈತಿ."

"ಅದು ಕಾಲೇಜಿನ ಪಾಠ, ದಾದಾ. ನನಗ ಮದುವಿ ಬ್ಯಾಡ."

"ಎಲ್ಲಾರೂ ಮದಲ ಹಂಗ ಅಂತಾರ," ಎಂದು ಗೇಮಪ್ಪ ನಕ್ಕ.

"ಖರೇನ ಪಾಠ ಅಂತ, ನನ್ನ ಕೇಳಿದ್ದಳು," ಎಂದಳು ಸೋಮಿಬಾಯಿ.

"ಕಾಲೇಜಿನ್ಯಾಗ ಅಳೋದು ಕಲಸ್ತಾರೇನ? ನಿನಗ ಯಾರು ಹೇಳ್ಯಾರ?"

ಗೇಮಪ್ಪ ಗೋವಾಕ್ಕೆ ಫೋನು ಮಾಡಿ ಮಗ ಸೊಸೆಯ ಒಪ್ಪಿಗೆ ಪಡೆದ. ನಾಯಕನಾದ ಅಪ್ಪನಿಗೆ ಮಗ ಎಂದೂ ಎದುರಾಡಿದವನಲ್ಲ. ಹಳಿಯಾಳದ ಕಡೆಯ ತಾಂಡಾದಲ್ಲಿ ಅಜಯ ಎಂಬ ಹುಡುಗನಿದ್ದ. ಸ್ವಂತ ಟೆಂಪೋ, ಚಟವಿಲ್ಲ, ಮಾತು ಮೆತ್ತಗೆ. ಹುಡುಗನಲ್ಲಿ ಹೆಸರಿಡಲು ಏನೂ ಇರಲಿಲ್ಲ, ಅದೇ ಮೇಘಾಳಿಗೆ ದೊಡ್ಡ ತೊಂದರೆ. ಪರೀಕ್ಷೆಗೆ ಮೊದಲೇ ಮದುವೆ ಎಂದು ಗೇಮಪ್ಪ ಮನಸ್ಸಿನಲ್ಲೇ ಚಪ್ಪರ ಹಾಕಿ ಮುಗಿಸಿದ. ಪರೀಕ್ಷೆ ಬರೆದು, ಧಾರವಾಡಕ್ಕೆ ಹೋಗಿ ಎಂ.ಎ. ಮಾಡಬೇಕು, ಬೇರೆ ಬೇರೆ ದೇಶಗಳ ಹಾಡು ಕತೆಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು ಎಂದು ಅವಳು ಪೂರ್ಣಿಮಾ ಮೇಡಂ ಹತ್ತಿರ ಮಾತಾಡಿಟ್ಟುಕೊಂಡದ್ದೆಲ್ಲ ನೀರಿಗೆ ಬೀಳುವ ಹಾಗಾಯಿತು. ಆ ವಾರವೆಲ್ಲ ಅವಳು ಬೇಡ ಎಂದಳು, ಅತ್ತಳು, ಊಟ ಬಿಟ್ಟಳು. ಏನು ಮಾಡಿದರೂ ಅದು ನಾಚಿಕೆಯ ಲೆಕ್ಕಕ್ಕೇ ಹೋಯಿತು.

ಭಾನುವಾರ ಅಜಯನ ಕಡೆಯವರು ಬಂದರು. ಮನೆಯ ಮುಂದಿನ ಬೇವಿನ ಕೆಳಗೆ ಜಮಖಾನೆ ಹಾಸಿ ಹಿರಿಯರು ಕೂತರು. ನಡುವೆ ತಟ್ಟೆಯಲ್ಲಿ ಬೆಲ್ಲ. ಲಂಬಾಣಿಗರಲ್ಲಿ ಎರಡೂ ಕಡೆಯವರು ಬೆಲ್ಲ ತಿಂದರೆ ಸಂಬಂಧ ಗಟ್ಟಿಯಾದಂತೆ, ಆಮೇಲೆ ಮಾತು ಹಿಂದೆ ತೆಗೆಯುವಂತಿಲ್ಲ. ಗೇಮಪ್ಪ ಬೆಲ್ಲದ ಉಂಡೆ ಮುರಿಯಲು ಕೈ ಚಾಚಿದ.

ಮೇಘಾ ಬಾಗಿಲಲ್ಲಿ ನಿಂತು ಆ ಕೈಯನ್ನೇ ನೋಡುತ್ತಿದ್ದಳು. ತಾನು ಆಡಿದ ಯಾವ ಮಾತೂ ಈ ಮನುಷ್ಯನ ಕಿವಿಗೆ ಹೋಗಲಿಲ್ಲ. ತಡೆಯಲು ಬಾರದ ಮಾತು ತಾಂಡಾದಲ್ಲಿ ಒಂದೇ ಒಂದಿದೆ. ಚೀನಾದ ಹುಡುಗಿಯರು ಆ ಒಂದು ದಿನವನ್ನು ಬಿಡದೆ ಬಳಸಿಕೊಂಡರಲ್ಲ, ನನಗೇನಾಗಿದೆ ಎಂದುಕೊಂಡಳು. ನೇರ ಬಂದು ಜಮಖಾನೆಯ ಮೇಲೆ ಮಂಡಿಯೂರಿ, ದಾದಾನ ಕೊರಳು ತಬ್ಬಿ, ಢಾವಲೋ ಎತ್ತಿಕೊಂಡಳು.

ಅವಳು ಹಾಡಿದ್ದು ಲಂಬಾಣಿಯಲ್ಲಿ. ಅದರ ಅರ್ಥ ಹೀಗೆ:

ಹೆಗಲ ಮೇಲೆ ಕೂರಿಸಿ ಹಳ್ಳ ದಾಟಿಸಿದವನೇ, ದಾದಾ,
ನನ್ನ ಹಾಡು ಕೇಳಿದೆ ನೀನು, ಮಾತು ಕೇಳಲಿಲ್ಲ.
ಬೇಡವೆಂದರೆ ನಾಚಿಕೆ ಎಂದೆ, ಅತ್ತರೆ ಅದೇ ಒಪ್ಪಿಗೆ ಎಂದೆ,
ಯಾರ ಮಾತಲ್ಲಿ ಹೇಳಲಿ, ದಾದಾ, ನಿನ್ನ ಮಾತು ಸಾಲಲಿಲ್ಲ.
ದೂರದ ಹುಡುಗಿಯರೂ ಹೀಗೇ ಅತ್ತರಂತೆ,
ಅವರ ಅಳು ಓದಬೇಕು, ನಮ್ಮದು ಬರೆಯಬೇಕು.
ಹುಟ್ಟಿದ ಮನೆಯಲ್ಲೇ ಇಟ್ಟುಕೋ ಎನ್ನಲಾರೆ,
ಕಳಿಸು ದಾದಾ, ಓದುವ ಮನೆಗೆ ಕಳಿಸು.

ಅಜಯನ ಅಪ್ಪ ಕಕ್ಕಾಬಿಕ್ಕಿಯಾಗಿ, "ಏನಿದು, ನಿಂದ್ರಸ್ರಿ," ಎಂದ. ಗೇಮಪ್ಪ ಅವನತ್ತ ಕೈ ಎತ್ತಿ ಸುಮ್ಮನಿರಿಸಿದ. ಇಲ್ಲಿ ಆ ಮುದುಕನಿಗೆ ಕೈ ಮುಗಿಯಬೇಕು. ಇನ್ನೊಬ್ಬರ ಮದುವೆಯಲ್ಲಿ ಪದ್ಧತಿ ಹೇಳುವುದು ಸುಲಭ. ಬಂದ ಬೀಗರ ಮುಂದೆ, ತನ್ನ ಮೇಲೆಯೇ ದೂರು ಹಾಡುವಾಗ, ಅವನು ತುಟಿ ಪಿಟ್ಟೆನ್ನದೆ ಕೊನೆಯತನಕ ಕೇಳಿದ.

ಹಾಡು ನಿಂತಿತು. ಅಜಯ ತಲೆ ತಗ್ಗಿಸಿದ್ದ, ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಳಗಿಂದ ಸೋಮಿಬಾಯಿ ಬಂದು ಗಂಡನ ಮುಂದೆ ನಿಂತಳು.

"ಉತ್ತರ ಕೊಡು. ಹುಡುಗಿ ಕೊರಳು ಬಿಡವಲ್ಲಳು, ನೋಡು."

ಗೇಮಪ್ಪ ತಟ್ಟೆಯ ಬೆಲ್ಲವನ್ನು ನೋಡಿದ, ಬೀಗರನ್ನು ನೋಡಿದ. ಆಮೇಲೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಹಾಡತೊಡಗಿದ. ಹಿರಿಯರು ಹೊರಟ ಮಗಳಿಗೆ ಕೊಡುವ ಅದೇ ಹಳೆಯ ಹರಕೆ: ಅಳಬೇಡ ಮಗಳೇ, ಹೊರಟ ದಾರಿ ತಂಪಾಗಿರಲಿ, ಹೋದ ಮನೆಯಲ್ಲಿ ನಿನ್ನ ಮಾತು ನಡೆಯಲಿ. ಅದಾದ ಮೇಲೆ ಹೋಗುವ ಮನೆಯ ಹೆಸರು ಹೇಳಿ ಹರಸಬೇಕು. ಅಲ್ಲಿಗೆ ಬಂದು ಅವನು ತಡವರಿಸಿದ.

"ಆ ಮನಿ ಹೆಸರೇನವಾ?" ಎಂದು ಮೆಲ್ಲಗೆ ಕೇಳಿದ.

ಮೇಘಾ ಬಿಕ್ಕುತ್ತ ಅಂದಳು: "ಧಾರವಾಡ ಯುನಿವರ್ಸಿಟಿ ಲೇಡೀಸ್ ಹಾಸ್ಟೆಲ್, ದಾದಾ."

ಗೇಮಪ್ಪ ಆ ಹೆಸರನ್ನು ಬಾಯಲ್ಲೇ ಒಂದು ಸಲ ಹೇಳಿ ನೋಡಿಕೊಂಡ. ಆಮೇಲೆ ತಾಂಡಾಕ್ಕೆಲ್ಲ ಕೇಳುವಂತೆ ದನಿ ಎತ್ತಿ, ಒಂದಕ್ಷರ ಬಿಡದೆ, ಅದನ್ನು ಹಾಡಿನೊಳಗೆ ಸೇರಿಸಿ ಹರಸಿದ.