ಮಾದಪ್ಪನ ಪಂಕ್ತಿ

ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ, ಹಿಂದಿನ ರಾತ್ರಿ ಏನು ಕುಡಿದಿದ್ದಿರಿ ಎಂದು ಕೇಳುವ ಪೈಕಿ ನಾನು. ಈಗಲೂ ಅಂಥವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ತಪ್ಪು ತಿಳಿಯುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಾನು ನಂಜನಗೂಡಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹಳೆಯ ಗಾರೆ ಗೊಂಬೆಗಳನ್ನು ರಿಪೇರಿ ಮಾಡುವುದೂ ಗೊತ್ತು. ಕೆಲವು ವರ್ಷಗಳ ಹಿಂದೆ ಸೋಸಲೆಯ ಆಚೆ, ನಾಲೆಯ ಪಕ್ಕದ ಒಂದು ಹೊಲಕ್ಕೆ ನನ್ನನ್ನು ಕರೆಸಿದರು. ಗಾರೆ ಕೆಲಸದ ಮಾದಪ್ಪ ಎಂಬಾತ ತನ್ನ ಜೊತೆ ದುಡಿದು ಸತ್ತ ಗೆಳೆಯರನ್ನು ಒಬ್ಬೊಬ್ಬರಾಗಿ ಸಿಮೆಂಟಿನಲ್ಲಿ ಮಾಡಿ ಅಲ್ಲಿ ಕೂರಿಸಿದ್ದ. ಬಳೆಚೂರಿನ ಅಂಗಿ, ಒಡೆದ ಪಿಂಗಾಣಿಯ ಹಲ್ಲು. ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದಾರೆ. ಮುಂದೆ ಸಿಮೆಂಟಿನ ಎಲೆ, ಎಲೆಯ ಮೇಲೆ ಬಲಗೈ. ಸಾಲಿನ ಕೊನೆಯಲ್ಲಿ ಎಲೆ ಮಾತ್ರ ಇದೆ, ಆಳಿಲ್ಲ. ಅದು ಮಾದಪ್ಪನ ಜಾಗ. ತನ್ನ ಗೊಂಬೆ ಮಾಡಿಕೊಳ್ಳುವ ಮೊದಲೇ ಅವನು ತೀರಿಕೊಂಡಿದ್ದ. ಅವನ ಹೆಂಡತಿ ಪುಟ್ಟಮ್ಮ ದಿನಾ ಮಧ್ಯಾಹ್ನ ಆ ಖಾಲಿ ಎಲೆಯ ಮೇಲೆ ಗಂಡನಿಗೆಂದು ಒಂದು ತುತ್ತು ಮುದ್ದೆ ಇಡುತ್ತಿದ್ದರು. ಕಾಗೆ ತಿಂದು ಹೋಗುತ್ತಿತ್ತು.

ಗೊಂಬೆಗಳ ಕೈಗಳೆಲ್ಲ ಮಣಿಕಟ್ಟಿನಲ್ಲಿ ಬಿರುಕು ಬಿಟ್ಟಿದ್ದವು. ಒಂದೊಂದಕ್ಕೂ ತಾಮ್ರದ ತಂತಿ ಕಟ್ಟಿ, ಎಲೆಯ ಮೇಲೆಯೇ ಕೂರಿಸಿ, ಗಾರೆ ತುಂಬಿದವನು ನಾನು. ಅವು ಎಲ್ಲಿದ್ದವು ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ನನ್ನನ್ನು ಕರೆಸಿದ ಊರಿನ ಜೀರ್ಣೋದ್ಧಾರ ಸಮಿತಿ. ಬದುಕಿದ್ದಾಗ ಮಾದಪ್ಪನಿಗೆ ಹುಚ್ಚು ಎಂದವರೆಲ್ಲ ಅದರಲ್ಲಿದ್ದರು. ಅಧ್ಯಕ್ಷರು ಕಂಟ್ರಾಕ್ಟರು. ಅವರ ಪ್ರಕಾರ ಕಲೆ ಎಂದರೆ ಎನಾಮೆಲ್ ಪೇಂಟು.

"ಮೇಷ್ಟ್ರೇ, ಆ ಬಳೆಚೂರೆಲ್ಲ ಕಿತ್ತಾಕಿ. ಗೋಲ್ಡ್ ಕಲರ್ ಒಡೆಸಿ, ಫೋಟೋದಲ್ಲಿ ಚೆನ್ನಾಗಿ ಬತ್ತದೆ" ಎಂದರು.

ಅದನ್ನು ಹೇಗೋ ತಪ್ಪಿಸಿದೆ. ಆಮೇಲೆ ಅವರ ಕಣ್ಣು ಖಾಲಿ ಎಲೆಯ ಮೇಲೆ ಬಿತ್ತು. ಅಲ್ಲಿ ತಮ್ಮ ಗೊಂಬೆ ಕೂರಬೇಕಂತೆ. ಮುಂದಿನ ಪೀಳಿಗೆಗೆ ಇವರ ಮುಖ ತಿಳಿಯದಿದ್ದರೆ ಗತಿಯೇನು!

ಪುಟ್ಟಮ್ಮ ಕೈ ಮುಗಿದರು. "ಬ್ಯಾಡಿ ಬುದ್ದಿ, ಅದು ನಮ್ಮೆಜಮಾನ್ರ ಜಾಗ. ಬದ್ಕಿದ್ದಾಗ್ಲೂ ಗಾರೆ ಮುಟ್ದೆ ಇರೋರು ಬಂದು ಕುಂತ್ರೆ ಈ ಆಳ್ಗಳು ಉಣ್ತಿರ್ಲಿಲ್ಲ. ಎಲೆ ಮ್ಯಾಲಿಂದ ಕೈ ತಗ್ದುಬುಡೋರು."

ಅಧ್ಯಕ್ಷರು ನಕ್ಕರು. ಬೇಡವೆಂದು ನಾನೂ ಹೇಳಿ ನೋಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಉದ್ಘಾಟನೆಯ ದಿನ ಬೆಳಿಗ್ಗೆ ನಾನೇ ಒದ್ದೆ ಬಟ್ಟೆಯಲ್ಲಿ ಆ ಕೈಗಳನ್ನೆಲ್ಲ ಒರೆಸಿದೆ. ಅಷ್ಟರಲ್ಲಿ ಟೆಂಪೋದಲ್ಲಿ ಅಧ್ಯಕ್ಷರ ಗೊಂಬೆ ಬಂತು. ಕನ್ನಡಕ, ವಾಚು, ಸಫಾರಿ ಸೂಟು. ಗೊಂಬೆ ಮಾಡಿದವನು ಹೊಟ್ಟೆಯನ್ನು ಮಾತ್ರ ಧಾರಾಳವಾಗಿ ಕರಗಿಸಿದ್ದ. ಅದರ ಕೈ ಎಲೆಗೆ ತಾಗುವಂತೆ ಕೂರಿಸಿ ಬೋಲ್ಟು ಬಿಗಿದರು. ಮಧ್ಯಾಹ್ನ ಪುಟ್ಟಮ್ಮ ತಂದ ಮುದ್ದೆ ಅವರ ಕೈಯಲ್ಲೇ ಉಳಿಯಿತು.

ಸಮಿತಿಯವರು ರಸ್ತೆ ಬದಿಯ ಶಾಮಿಯಾನಕ್ಕೆ ಊಟಕ್ಕೆ ಹೋದರು. ನಾನೂ ಪುಟ್ಟಮ್ಮನೂ ಹೊಂಗೆ ಮರದ ಕೆಳಗೆ ಸಾಲಿಗೆ ಬೆನ್ನು ಹಾಕಿ ಕೂತೆವು. ಆ ಗೊಂಬೆಯ ಮುಖ ನೋಡುವುದು ಇಬ್ಬರಿಗೂ ಬೇಡವಾಗಿತ್ತು. ಉರಿಬಿಸಿಲು. ಯಾರೂ ಹತ್ತಿರ ಸುಳಿಯಲಿಲ್ಲ, ಒಂದು ಸದ್ದೂ ಕೇಳಲಿಲ್ಲ.

ಎದ್ದು ತಿರುಗಿದೆ. ಅಧ್ಯಕ್ಷರ ಗೊಂಬೆಯದು ಬಿಟ್ಟು ಒಂದು ಕೈಯೂ ಎಲೆಯ ಮೇಲಿರಲಿಲ್ಲ. ಎಲ್ಲ ಕೈಗಳೂ ತೊಡೆಯ ಮೇಲಿದ್ದವು.

ಹೋಗಿ ಮುಟ್ಟಿ ನೋಡಿದೆ. ಬಿರುಕಿಲ್ಲ, ಉದುರಿದ ಪುಡಿಯಿಲ್ಲ. ಮಣಿಕಟ್ಟಿನಲ್ಲಿ ನಾನು ತುಂಬಿದ ಗಾರೆ ನನ್ನ ಹೆಬ್ಬೆರಳಿನ ಗುರುತಿನ ಸಮೇತ ಹಾಗೇ ಇತ್ತು. ಎಲೆಗಳ ಮೇಲೆ ಕೈ ಇದ್ದ ಕಡೆ ಮಾತ್ರ ಬಿಸಿಲು ಕಾಣದ ಬಿಳಿ ಕಲೆ. ಹೆದರಿದೆ ಎನ್ನಲು ನಾಚಿಕೆಯಿಲ್ಲ.

ಪುಟ್ಟಮ್ಮ ಹೆದರಲಿಲ್ಲ. "ನಾ ಏಳ್ನಿಲ್ವಾ ಮೇಷ್ಟ್ರೇ" ಎಂದರು, ಅಷ್ಟೆ.

ಸಮಿತಿಯವರು ಎಲೆಅಡಿಕೆ ಜಗಿಯುತ್ತ ಬಂದು ಸಾಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನು ತಡೆಯಲಾರದೆ ಕೈಗಳ ವಿಷಯ ಹೇಳಿದೆ. ಅಧ್ಯಕ್ಷರು ಒಮ್ಮೆ ಅತ್ತ ನೋಡಿ, "ಮೊದ್ಲಿಂದ್ಲೂ ಅಂಗೇ ಇದ್ವಲ್ರೀ" ಎಂದರು. ಉಳಿದವರು ತಲೆಯಾಡಿಸಿದರು. ತಿಂಗಳುಗಟ್ಟಲೆ ಆ ಗೊಂಬೆಗಳನ್ನು ಉದ್ಧಾರ ಮಾಡಿದವರಲ್ಲಿ ಒಬ್ಬನೂ ಅವನ್ನು ಒಂದು ಸಲವೂ ಕಣ್ಣಿಟ್ಟು ನೋಡಿರಲಿಲ್ಲ.

ಈಗ ಅಲ್ಲೊಂದು ಬೋರ್ಡು ಹಾಕಿದ್ದಾರೆ: "ಊಟಕ್ಕೆ ಕಾಯುತ್ತಿರುವ ಶ್ರಮಿಕರು." ಓದಿ ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಗಾರೆ, ತಂತಿ, ಬಿಸಿಲು ಎಂದು ನಾನೂ ಬೇಕಾದಷ್ಟು ತಲೆ ಕೆಡಿಸಿಕೊಂಡೆ. ಯಾವುದೂ ತಾಳೆಯಾಗಲಿಲ್ಲ.

ಹೋದ ಸಲ ಆ ಕಡೆ ಹೋದಾಗ, ಈಗ ಗಂಡನಿಗೆ ತುತ್ತು ಇಡುವುದಿಲ್ಲವೇ ಎಂದು ಪುಟ್ಟಮ್ಮನನ್ನು ಕೇಳಿದೆ. ಅವರು ಸಾಲಿನ ಕಡೆ ನೋಡಿದರು.

"ಜೊತೆಗಾರ್ರೆಲ್ಲ ಕೈ ತಗ್ದು ಕುಂತವ್ರೆ. ಅವ್ರೊಬ್ರೇ ಎಂಗೆ ಉಂಡಾರು ಮೇಷ್ಟ್ರೇ?"