ಕರೆದರೆ ಓಗೊಡುವುದಿಲ್ಲ

ಭಾಲ್ಕಿಯ ಕಚೇರಿಗೆ ಅಧಿಕಾರಿಯಾಗಿ ಬಂದ ಮೊದಲ ವರ್ಷ, ಕೈಕೆಳಗಿನ ಒಂಬತ್ತು ಜನರ ವಾರ್ಷಿಕ ಕಾರ್ಯನಿರ್ವಹಣಾ ವರದಿಗಳನ್ನು ಒಂದೇ ಮಧ್ಯಾಹ್ನ ಬರೆದು ಮುಗಿಸಿದೆ. ಎಂಟು ಮಂದಿಗೆ ‘ಉತ್ತಮ’. ದಾಖಲೆ ನೋಡಿಕೊಳ್ಳುವ ಗುಮಾಸ್ತರಿಗೆ ಮಾತ್ರ ‘ತೃಪ್ತಿಕರವಲ್ಲ’. ಅವರು ನನಗಿಂತ ಬಹಳ ಹಿರಿಯರು. ನನ್ನ ಕೋಣೆಯ ಕಡೆ ಬೆನ್ನು ಮಾಡಿ ಕೂರುತ್ತಿದ್ದರು. ಮೂರು ಸಲ ಕೂಗಿದರೂ ತಿರುಗುತ್ತಿರಲಿಲ್ಲ. ಹೊಸ ಅಧಿಕಾರಿ, ಅದೂ ಹೆಂಗಸು ಎಂಬ ತಾತ್ಸಾರ ಅಂದುಕೊಂಡೆ. ‘ಕರೆದರೆ ಓಗೊಡುವುದಿಲ್ಲ. ಉದ್ಧಟ’ ಎಂದು ಷರಾ ಬರೆದೆ.

ಪ್ರತಿಯನ್ನು ಕೈಗೆ ಕೊಟ್ಟಾಗ ನಿಂತೇ ಓದಿ ಸಹಿ ಹಾಕಿದರು. ಮನವಿ ಕೊಡಬಹುದು ಎಂದೆ.

“ಇರ್ಲಿ ಬಿಡ್ರಿ ಮೇಡಂ.”

ಅವರಿಗೆ ಬರಬೇಕಿದ್ದ ಬಡ್ತಿ ತಪ್ಪಿತು. ಔರಾದಿಗೆ ವರ್ಗವಾಯಿತು.

ನಾಲ್ಕು ವರ್ಷದ ಮೇಲೆ, ಅಷ್ಟರಲ್ಲಿ ಬೀದರಿನ ಜಿಲ್ಲಾ ಕಚೇರಿ ಸೇರಿದ್ದ ನಾನು ಔರಾದಿಗೆ ತಪಾಸಣೆಗೆ ಹೋದೆ. ದಾಖಲೆ ಕೋಣೆಯಲ್ಲಿ ಅವರೇ. ಗಟ್ಟಿಯಾಗಿ ಕರೆದೆ. ಅಲುಗಲಿಲ್ಲ. ಪಕ್ಕದ ಮೇಜಿನ ಹೆಣ್ಣುಮಗಳು ಎದ್ದು ಅವರ ಮುಂದೆ ಕೈಯಾಡಿಸಿದಳು.

“ಅವರಿಗಿ ಕೇಳ್ಸಂಗಿಲ್ರಿ ಮೇಡಂ. ಭಾಳ ವರ್ಷ ಆತು. ಎದುರು ನಿಂತು ಮಾತಾಡಿದ್ರ ತುಟಿ ನೋಡಿ ತಿಳ್ಕೋತಾರ.”

ಎದುರು ಹೋಗಿ ಕುಳಿತೆ.

“ಭಾಲ್ಕ್ಯಾಗ ಇದ್ದಾಗ ಯಾಕ ಹೇಳ್ಲಿಲ್ರಿ?”

“ಕಿವುಡ ಅಂದ್ರ ನೌಕ್ರಿನೇ ಹೋಗ್ತದಂತ ಅಂಜಿದ್ದೆನ್ರಿ” ಎಂದರು. “ಉದ್ಧಟ ಅಂದ್ರ ಬಡ್ತಿ ಅಷ್ಟೇ ಹೋಗ್ತದ.”

ಷರಾ ತಪ್ಪು, ತೆಗೆದುಹಾಕಿ ಎಂದು ಮೇಲಿನವರಿಗೆ ನಾನೇ ಪತ್ರ ಬರೆದೆ. ಅವಧಿ ಮೀರಿದೆ ಎಂದು ಉತ್ತರ ಬಂತು. ಇನ್ನೊಂದು ಬರೆದೆ, ಅದಕ್ಕೆ ಉತ್ತರವೂ ಬರಲಿಲ್ಲ. ಅಂದಿನಿಂದ ವರದಿಗಳ ಕಟ್ಟು ಮೇಜಿಗೆ ಬಂದರೆ ಪೆನ್ನು ತೆರೆಯುವ ಮೊದಲು ಒಬ್ಬೊಬ್ಬರ ಮೇಜಿನವರೆಗೂ ನಡೆದು ಹೋಗುತ್ತೇನೆ. ಭಾಲ್ಕಿಯಲ್ಲಿ ನನ್ನ ಕುರ್ಚಿಯಿಂದ ಅವರ ಮೇಜಿಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಒಮ್ಮೆಯೂ ನಾನು ಎದ್ದು ಹೋಗಿರಲಿಲ್ಲ.

ಮರುವರ್ಷ ಅವರು ಅದೇ ಹುದ್ದೆಯಲ್ಲಿ ನಿವೃತ್ತರಾದರು. ಬೀಳ್ಕೊಡುಗೆಗೆ ಕರೆಯದಿದ್ದರೂ ಹೋದೆ. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಆ ವರದಿ ಬರೆದವಳು ನಾನು, ತಪ್ಪು ನನ್ನದು, ಇವರಂಥ ಪ್ರಾಮಾಣಿಕರನ್ನು ನಾನು ಕಂಡಿಲ್ಲ ಎಂದೆಲ್ಲ ಹೇಳಿದೆ. ಮೈಕು ನನ್ನ ತುಟಿಗಳನ್ನು ಮುಚ್ಚಿತ್ತೆಂದು ಆಗ ಹೊಳೆಯಲೇ ಇಲ್ಲ. ಕೊರಳ ತುಂಬ ಹಾರ ಹಾಕಿಕೊಂಡು ಕುಳಿತಿದ್ದ ಅವರು, ಭಾಷಣ ಮುಗಿಯಿತೆಂದು ನಗುತ್ತ ಒಬ್ಬರೇ ಚಪ್ಪಾಳೆ ತಟ್ಟಿದರು.